ಪಡಸಾಲೆಗೆ ಕೇಳಿಸಿದ ನಗು

ಇಲ್ಲಿ ಬರೆಯಲು ಹೊರಟಿರುವುದು ನಿಜವಾಗಿ ನಡೆದದ್ದೋ, ಇಷ್ಟು ವರ್ಷ ಹೇಳಿ ಹೇಳಿ ನಾನೇ ನಡೆಸಿಕೊಂಡದ್ದೋ ನನಗೆ ಖಚಿತವಿಲ್ಲ. ನನ್ನ ಅಕ್ಕ, ಬಸವನ ಬಾಗೇವಾಡಿಯಲ್ಲಿ ಸೊಸೆಯಂದಿರನ್ನೂ ಮೊಮ್ಮಕ್ಕಳನ್ನೂ ಆಳಿಕೊಂಡಿರುವವಳು, ಇದರಲ್ಲಿ ಅರ್ಧ ಸುಳ್ಳು ಎನ್ನುತ್ತಾಳೆ. ಯಾವ ಅರ್ಧ ಎಂದು ಕೇಳಿದರೆ ಒಂದೊಂದು ಸಲ ಒಂದೊಂದು ಅರ್ಧವನ್ನು ತೋರಿಸುತ್ತಾಳೆ. ನಮ್ಮ ಕಾಕಿಯನ್ನು, ಅಂದರೆ ಅಪ್ಪನ ತಮ್ಮನ ಹೆಂಡತಿಯನ್ನು, ತವರಿಗೆ ಅಟ್ಟಲು ಬಾಗಿಲಲ್ಲಿ ಗಾಡಿ ಹೂಡಿ ನಿಂತಿತ್ತು ಎಂದು ನನ್ನ ನೆನಪು. ಗಾಡಿ ಎಲ್ಲಿಯದು, ಬಸ್ಸಿಗೆ ಹೊರಟಿದ್ದರು ಎಂದು ಅವಳ ವಾದ. ಆಗ ನನಗೆ ಎಂಟು ವರ್ಷ ಎಂದು ನಾನು, ಆರು ತುಂಬಿರಲಿಲ್ಲ ಎಂದು ಅವಳು. ಎಪ್ಪತ್ತರ ದಶಕದ ನಡುವಿನ ಯಾವುದೋ ಬೇಸಿಗೆ ಎನ್ನುವ ಮಟ್ಟಿಗೆ ಮಾತ್ರ ಇಬ್ಬರಿಗೂ ಒಪ್ಪಿಗೆ. ನಾನು ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದಿದವನು. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೊ ಅಲ್ಲ, ಹಳೆಯ ಸೀರೆಯ ತುಂಡುಗಳಿಂದ ಪ್ರತಿ ಸಲ ಹೊಸದಾಗಿ ಹೊಲಿಯುವ ಕೌದಿ ಎಂದು ಹುಡುಗರಿಗೆ ಪಾಠ ಹೇಳಿದವನು. ಹಾಗಿದ್ದೂ ಆ ಬೇಸಿಗೆಯ ಒಂದು ನಗು ನನ್ನ ಕಿವಿಯಲ್ಲಿ ಹಾಗೇ ಕೂತಿದೆ. ಅದನ್ನು ನೆನೆದರೆ ಈಗಲೂ ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ, ಎದ್ದು ಎರಡು ಸುತ್ತು ಓಡಾಡಿ ಬಂದೇ ಮುಂದಿನ ಸಾಲು ಬರೆಯಬೇಕು.

ಸಿಂದಗಿಯಿಂದ ಇಂಡಿ ಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಮನೆ ಕಲ್ಲು ಮಣ್ಣಿನದು, ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಳಿಗೆ. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಅಲ್ಲಿಂದ ಎರಡು ಮೆಟ್ಟಿಲು ಎತ್ತರಕ್ಕೆ ಪಡಸಾಲೆ, ಪಡಸಾಲೆಯ ಹಿಂದೆ ಒಳಮನೆ, ಅದರ ಮೂಲೆಯಲ್ಲಿ ಒಲೆ. ಒಳಮನೆಗೆ ಕಿಟಕಿಯಿಲ್ಲ, ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ಒಂದು ತಟ್ಟೆಯಷ್ಟು ಬಿಸಿಲು ಬಿದ್ದು ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ನಿಧಾನವಾಗಿ ತೆವಳುತ್ತಿತ್ತು. ಪಡಸಾಲೆ ನಮ್ಮ ಮುತ್ಯಾನದು, ಅಪ್ಪನ ಅಪ್ಪನದು. ಅವನು ಆರಡಿ ದಾಟಿದ ಆಳು. ಒಳಬಾಗಿಲಲ್ಲಿ ಬರುವಾಗ ಅರ್ಧ ಬಗ್ಗಬೇಕಿತ್ತು. ತಲೆಬಾಗಿಲು ಕಾಣುವ ಹಾಗೆ ಪಕ್ಕದ ಗೋಡೆಗೆ ಒರಗಿ, ತಲೆಗೆ ಸುತ್ತಿದ ಪಟಗಾ ತೆಗೆದು ಗೂಟಕ್ಕೆ ಹಾಕಿ, ಔಡಲೆಣ್ಣೆ ಹಚ್ಚಿದ ತಲೆಯನ್ನು ಗೋಡೆಗೆ ಆನಿಸಿ ಕೂತನೆಂದರೆ ಮನೆಗೆ ಬಂದವರೂ ಹೋದವರೂ ಅವನ ಕಣ್ಣು ತಪ್ಪಿಸುವ ಹಾಗಿರಲಿಲ್ಲ. ಸುತ್ತಲಿನ ಹಳ್ಳಿಗಳವರು ಜಗಳ ಹೊತ್ತು ಅವನ ಹತ್ತಿರ ಬರುತ್ತಿದ್ದರು. ಹೊಲದ ಬದು, ಬಾವಿಯ ಪಾಲು, ಅಣ್ಣತಮ್ಮಂದಿರ ಮುನಿಸು, ಎಲ್ಲಕ್ಕೂ ಅವನು ನ್ಯಾಯ ಹೇಳಬೇಕು. ಎರಡೂ ಕಡೆಯವರ ಮಾತು ಕೇಳದೆ ಅವನು ಎಂದೂ ಬಾಯಿ ತೆರೆದವನಲ್ಲ ಎಂದು ಅವನಿಗೆ ಹೆಸರಿತ್ತು. ನಮ್ಮ ಅಪ್ಪ ಮುದ್ದೇಬಿಹಾಳದಲ್ಲಿ ಮಾಸ್ತರ. ಶನಿವಾರ ಬಂದು ಸೋಮವಾರ ನಸುಕಿನಲ್ಲಿ ಹೋಗುತ್ತಿದ್ದರಿಂದ ಈ ಕಥೆಯಲ್ಲಿ ಅವರಿಲ್ಲ.

ಆ ಮನೆಯಲ್ಲಿ ಯಾವ ಕೋಣೆಯಲ್ಲಿ ಎಷ್ಟು ನಗಬೇಕು ಎಂಬುದಕ್ಕೆ ಬರೆಯದ ಕಾಯಿದೆ ಇತ್ತು. ಪಡಸಾಲೆಯಲ್ಲಿ ಮೊದಲು ಮುತ್ಯಾ ನಗಬೇಕು. ಅವನ ನಗುವೆಂದರೆ ಮೂಗಿನಿಂದ ಹೊರಡುವ ಒಂದು ಹ್ಞೂಂ, ಅಷ್ಟೇ. ಅದು ಬಂತೆಂದರೆ ಸುತ್ತ ಕೂತವರೆಲ್ಲ ಘೊಳ್ಳೆನ್ನುತ್ತಿದ್ದರು. ಮಾತೇ ಕೇಳಿಸದೆ ದೂರದಲ್ಲಿ ಕೂತವರು ಎಲ್ಲರಿಗಿಂತ ಜೋರಾಗಿ. ಮುಂದೆ ತರಗತಿಯಲ್ಲಿ ನಮ್ಮ ಪ್ರಾಧ್ಯಾಪಕರು ಮನುಷ್ಯ ಯಾಕೆ ನಗುತ್ತಾನೆ ಎಂದು ಕೇಳಿದಾಗ, ಉಳಿದವರೆಲ್ಲ ತಮಾಷೆ ಕೇಳಿ ಎಂದರೆ, ನಾನೊಬ್ಬ ಪಕ್ಕದವನು ಯಾರೆಂದು ನೋಡಿ ಎಂದು ಉತ್ತರಿಸಿದ್ದೆ. ಅವರು ಮೆಚ್ಚಿದರು. ಅದು ಪುಸ್ತಕದಿಂದ ಬಂದದ್ದಲ್ಲ, ಪಡಸಾಲೆಯಿಂದ ಬಂದದ್ದು ಎಂದು ನಾನು ಹೇಳಲಿಲ್ಲ. ಒಳಮನೆಯ ಕಾಯಿದೆಯೇ ಬೇರೆ. ಅಲ್ಲಿ ಹೆಂಗಸರು ದಿನವಿಡೀ ನಗುತ್ತಿದ್ದರು, ಆದರೆ ಬಾಯಿಗೆ ಸೆರಗು ತುರುಕಿಕೊಂಡು. ಕಣ್ಣಲ್ಲಿ ನೀರು ಬರುತ್ತಿತ್ತು, ಭುಜ ಕುಣಿಯುತ್ತಿತ್ತು, ಸದ್ದು ಮಾತ್ರ ಇಲ್ಲ. ಅವ್ವ ರೊಟ್ಟಿ ಬಡಿಯುತ್ತ ನಗು ಬಂದರೆ ಇನ್ನೂ ಜೋರಾಗಿ ಬಡಿಯುತ್ತಿದ್ದಳು, ನಗು ಆ ಸದ್ದಿನ ಕೆಳಗೆ ಹೂತುಹೋಗುತ್ತಿತ್ತು. ರೊಟ್ಟಿಯ ಸದ್ದು ಹೆಚ್ಚಾದ ದಿನ ಒಳಗೆ ಏನೋ ಸ್ವಾರಸ್ಯ ನಡೆದಿದೆ ಎಂದು ನಾನೂ ಅಕ್ಕನೂ ಓಡುತ್ತಿದ್ದೆವು. ನಮ್ಮ ಆಯಿ, ಮುತ್ಯಾನ ಹೆಂಡತಿ, ಈ ಕಾಯಿದೆಯ ಕಾವಲುಗಾರ್ತಿ. ಅವಳು ನಕ್ಕದ್ದನ್ನು ನಾನು ಕಂಡಿದ್ದೆ, ಕೇಳಿರಲಿಲ್ಲ.

ಕಾಕಿ ಬಂದದ್ದು ತಾಂಬಾದಿಂದ, ಹಿಂದಿನ ವರ್ಷ. ಹೆಸರು ಶಾಂತವ್ವ. ಹೆಸರಿಡುವಾಗ ತವರಿನವರು ಅವಳ ನಗು ಕೇಳಿರಲಿಕ್ಕಿಲ್ಲ. ಆಗ ನಮ್ಮೂರಿಗೆ ಹೊಸದಾಗಿ ಬೋರಿಂಗ್ ಬಂದಿತ್ತು. ಹಿಡಿಕೆ ಜಗ್ಗಿದರೆ ಮೊದಲು ನಾಲ್ಕು ಸಲ ಒಣ ಕೀಚು ಕೀಚು, ಆಮೇಲೆ ಒಮ್ಮೆಲೇ ಭೊರ್ರೆಂದು ನೀರು. ಕಾಕಿಯ ನಗು ಥೇಟ್ ಹಾಗೆ. ಕೀಚು ಶುರುವಾದಾಗಲೇ ಆಯಿ ಎಚ್ಚರಿಸುತ್ತಿದ್ದಳು.

"ಶಾಂತಾ, ಬಾಯಾಗ ಸೆರಗ ಇಟಗೊ."

"ಇಟಗೊಂಡೇನ್ರಿ ಅತ್ತಿ. ಸೆರಗ ಸಣ್ಣದು."

"ಸೆರಗ ಸಣ್ಣದಲ್ಲ, ನಗಿ ದೊಡ್ಡದು. ಪಡಸಾಲ್ಯಾಗ ಮಂದಿ ಕುಂತೈತಿ."

"ಮಂದೀನೂ ನಗಲಿ ಬಿಡ್ರಿ. ನಾ ಬ್ಯಾಡ ಅಂದೇನೇನು?"

ಅವ್ವನ ರೊಟ್ಟಿಯ ಬಡಿತ ಆಗ ಇಡೀ ಓಣಿಗೆ ಕೇಳುವಂತೆ ಶುರುವಾಗುತ್ತಿತ್ತು. ಎರಡು ಮೂರು ಸಲ ಆ ನಗು ಪಡಸಾಲೆಗೆ ಹರಿದು ಮುತ್ಯಾ ಕೆಮ್ಮಿದ್ದ. ಕೆಮ್ಮು ಎಂದರೆ ಎಚ್ಚರಿಕೆ. ಕಾಕಾ, ಅವಳ ಗಂಡ, ಅಪ್ಪನೆದುರು ಕಣ್ಣೆತ್ತಿ ಮಾತಾಡಿದವನಲ್ಲ. ಆದರೆ ಒಳಗಿನಿಂದ ಆ ಕೀಚು ಬಂದಾಗಲೆಲ್ಲ ಎತ್ತಿನ ಮೈ ತಿಕ್ಕುತ್ತಿದ್ದ ಅವನ ಕೈ ನಿಲ್ಲುತ್ತಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದ.

ನನ್ನ ಪಾತ್ರವನ್ನು ನಾನು ಮುಚ್ಚಿಡಬಾರದು. ಒಳಮನೆಯಲ್ಲಿ ನಗಿಸುವ ಗುತ್ತಿಗೆ ನನ್ನದಾಗಿತ್ತು. ನನ್ನ ಹತ್ತಿರ ಇದ್ದದ್ದು ಒಂದೇ ಆಟ: ಮುತ್ಯಾನ ನ್ಯಾಯ. ಮುತ್ಯಾ ತೀರ್ಪು ಹೇಳುವ ಮುಂಚೆ ಅಂಗಿಯ ಕಿಸೆಯಿಂದ ಚಿಕ್ಕ ಡಬ್ಬಿ ತೆಗೆದು ಎರಡು ಬೆರಳಲ್ಲಿ ನಶ್ಯ ಹಿಡಿದು ಮೂಗಿಗೆ ಏರಿಸುತ್ತಿದ್ದ. ಒಂದು ಸೀನು. ಎರಡು ಸೀನು. ಆಮೇಲೆ ತಲೆ ಮೇಲೆತ್ತಿ, ತೊಲೆ ನೋಡುತ್ತ, ಬಾಯಿ ಅರ್ಧ ತೆರೆದು ಮೂರನೆಯದಕ್ಕಾಗಿ ಕಾಯುತ್ತಿದ್ದ. ಅದು ಎಂದೂ ಬರುತ್ತಿರಲಿಲ್ಲ. ಆದರೆ ಬರಬಹುದು ಎಂದು ವಾದಿ, ಪ್ರತಿವಾದಿ, ಸಾಕ್ಷಿ, ಎಲ್ಲರೂ ಬಾಯಿ ಅರ್ಧ ತೆರೆದುಕೊಂಡು ಕಾಯುತ್ತಿದ್ದರು. ಕೊನೆಗೆ ಅವನು ಬಾಯಿ ಮುಚ್ಚಿ, "ನೋಡ್ರಪಾ, ಮ್ಯಾಲ ದೇವರದಾನ, ಕೆಳಗ ನಾ ಅದೇನಿ" ಎಂದು ಶುರುಮಾಡುತ್ತಿದ್ದ. ನಾನು ಟವೆಲನ್ನು ಪಟಗಾದಂತೆ ಸುತ್ತಿಕೊಂಡು, ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು, ಒಂದು ಕೋಳಿಗೂ ಒಂದು ಬೆಕ್ಕಿಗೂ ನ್ಯಾಯ ಹೇಳುತ್ತಿದ್ದೆ. ಒಂದು ಹೆಜ್ಜೆ ಆಚೆಗೆ ದೇವರ ಹಾಗೆ ಕೂತವನನ್ನು ಹೀಗೆ ಕೈಯಲ್ಲಿ ಹಿಡಿದು ಆಡಿಸಬಹುದು ಎಂಬುದು ನನಗೆ ಎಂಥ ಅಮಲಾಗಿತ್ತೆಂದರೆ, ಮುಂದೆ ಜೀವನದಲ್ಲಿ ನಾನು ಯಾವ ದೊಡ್ಡವರ ಮಾತನ್ನೂ ಪೂರ್ತಿ ನಂಬದೆ ಹೋದದ್ದಕ್ಕೆ ಆ ಬುಟ್ಟಿಯೇ ಕಾರಣವಿರಬೇಕು.

ಆ ದಿನ ಒಳಮನೆಯಲ್ಲಿ ಶಾವಿಗೆ ಹೊಸೆಯುತ್ತಿದ್ದರು. ಗಾಳಿಗೆ ಎಳೆ ಒಣಗಿ ಮುರಿಯುತ್ತದೆಂದು ಬಾಗಿಲು ಮರೆಮಾಡಿಕೊಂಡು ಒಳಗೇ ಮಾಡುವ ಕೆಲಸ ಅದು. ಗೀರು ಕೊರೆದ ಉದ್ದನೆಯ ಮಣೆಯನ್ನು ಓರೆಯಾಗಿಟ್ಟು ಅದರ ಮೇಲ್ತುದಿಯಲ್ಲಿ ಆಯಿ ಕೂತಿದ್ದಳು. ಗೋಧಿಯ ಕಣಕವನ್ನು ಗೀರುಗಳ ಮೇಲೆ ಅಂಗೈಯಿಂದ ಹೊಸೆದಂತೆ ಕೆಳಗೆ ಕೂದಲಿನಂಥ ಎಳೆ ಇಳಿಯುತ್ತದೆ; ಕೆಳಗೆ ಕೂತ ಕಾಕಿ ಅದನ್ನು ಹರಿಯದಂತೆ ಎಳೆದು ಕೋಲಿಗೆ ಹಾಕುತ್ತಿದ್ದಳು. ಅವ್ವ ಕಣಕ ನಾದುತ್ತಿದ್ದಳು. ಶಾವಿಗೆಯ ಮುಂದೆ ನಗಬಾರದು ಎಂಬುದು ಆಯಿಯ ಇನ್ನೊಂದು ಕಾಯಿದೆ, ಇದಕ್ಕೆ ಮಾತ್ರ ಕಾರಣವಿತ್ತು: ಕೈ ನಡುಗಿದರೆ ಎಳೆ ಹರಿಯುತ್ತದೆ. ಅಂಥ ಹೊತ್ತಿನಲ್ಲೇ ನನಗೆ ಬುಟ್ಟಿ ಬೋರಲು ಹಾಕುವ ಹುಕಿ ಬಂತು. ನಗಬಾರದ ಜಾಗದಲ್ಲಿ ನಗು ಎಷ್ಟು ಸಲೀಸಾಗಿ ಬರುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತು. ಪುಸ್ತಕಗಳು ಅದನ್ನು ಬಹಳ ತಡವಾಗಿ ಹೇಳಿದವು.

ಪಡಸಾಲೆಯಲ್ಲಿ ಅದೇ ಹೊತ್ತಿಗೆ ಯಂಕಂಚಿಯ ಇಬ್ಬರು ಅಣ್ಣತಮ್ಮಂದಿರು ಕೂತಿದ್ದರು. ಜಗಳ ಒಂದು ಬಾವಿಯದು. ಆಡಿದ ಮಾತು ನಮಗೆ ಆಮೇಲೆ ಕಾಕಾನ ಬಾಯಿಂದ ತಿಳಿದದ್ದು. ಅಣ್ಣ, ಐವತ್ತು ದಾಟಿದವನು, ಮಾತಾಡುತ್ತಾಡುತ್ತ "ಯಜಮಾನ್ರ, ಒಂದ ತಾಟಿನ್ಯಾಗ ಉಂಡಾಂವ ಇಂವಾ. ಇವತ್ತ ನನ್ನ ಎತ್ತಿಗೆ ನೀರ ಕುಡಿಸಗೊಡವಲ್ಲ" ಎಂದು ಹೆಗಲ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟನಂತೆ. ಒಳಗೆ ನಾನು ಎರಡನೆಯ ಸೀನು ಮುಗಿಸಿ, ಬೆಳಕಿಂಡಿಯ ಕಡೆಗೆ ಮುಖವೆತ್ತಿ, ಬಾಯಿ ತೆರೆದು ಮೂರನೆಯದಕ್ಕೆ ಕಾಯುತ್ತಿದ್ದೆ.

ಆಗ ಬಂತು ಆ ನಗು. ಅದು ನಾನು ಹಿಂದೆಂದೂ ಕೇಳದ ನಗು. ಎತ್ತರದ ದನಿ, ಹುಡುಗಿಯರದು ಇರುತ್ತದಲ್ಲ, ಮೆಟ್ಟಿಲ ಮೇಲಿಂದ ತಾಮ್ರದ ಬಿಂದಿಗೆ ಉರುಳಿದ ಹಾಗೆ ಒಂದರ ಹಿಂದೊಂದು ಹಾರಿ ಬೀಳುವಂಥದ್ದು. ನನ್ನ ಕಣ್ಣು ಮಾಳಿಗೆಯ ಮೇಲಿತ್ತು, ಹಾಗಾಗಿ ಶುರುವಿನಲ್ಲಿ ಯಾರ ಬಾಯಿ ತೆರೆದಿತ್ತೆಂದು ನಾನು ನೋಡಲಿಲ್ಲ. ತಿರುಗಿದಾಗ ಕಾಕಿಯ ಬಾಯಲ್ಲಿ ಸೆರಗಿತ್ತು. ಅವ್ವ ಕಣಕದ ಮೇಲೆ ಬಗ್ಗಿದ್ದಳು. ಆಯಿ ಮಣೆಯ ಮೇಲೆ ಹಣೆಯಿಟ್ಟು ಮುದುರಿದ್ದಳು, ಬೆನ್ನು ಕುಣಿಯುತ್ತಿತ್ತು. ಎಳೆ ಹರಿದು ಕೆಳಗೆ ಬಿದ್ದಿತ್ತು. ಇದರಿಂದ ನಕ್ಕವರು ಯಾರೆಂದು ಹೇಳಲಾಗದು: ಎಳೆಗೆ ಎರಡು ತುದಿ, ಎರಡೂ ತುದಿಯಲ್ಲಿ ಒಬ್ಬೊಬ್ಬರಿದ್ದರು.

ಹೊರಗೆ ಯಂಕಂಚಿಯವನು ಮುಖದಿಂದ ವಸ್ತ್ರ ತೆಗೆದು ಎದ್ದು ನಿಂತ.

"ನನ್ನ ಮನಿ ಮುರದದ್ದು ನಿಮ್ಮ ಮನಿ ಹೆಣ್ಮಕ್ಕಳಿಗೆ ನಗಿಯಾಟ ಆಗೈತ್ರಿ. ನ್ಯಾಯ ಸಾಕು, ಬರ್ತೇನಿ."

ಅವನು ಮೆಟ್ಟಿಲಿಳಿದ. ತಮ್ಮನೂ ಅವನ ಹಿಂದೆ ಹೋದ. ಮುತ್ಯಾನ ನ್ಯಾಯದಿಂದ ಯಾರೂ ಹೀಗೆ ಅರ್ಧಕ್ಕೆ ಎದ್ದುಹೋದದ್ದಿರಲಿಲ್ಲ. ಅವನು ಕೂತಲ್ಲಿಂದ ಏಳಲಿಲ್ಲ, ದನಿಯನ್ನೂ ಏರಿಸಲಿಲ್ಲ.

"ಒಳಗ ನಕ್ಕಾಕಿ ಯಾರು?"

ಒಳಗೆ ಅವ್ವ ಹರಿದ ಎಳೆಯನ್ನು ಎತ್ತಿ ಕಣಕದೊಳಗೆ ಸೇರಿಸಿಬಿಟ್ಟಳು.

"ಕೇಳೂದೇನೈತಿ," ಎಂದು ಅವನೇ ಉತ್ತರ ಕೊಟ್ಟುಕೊಂಡ. "ಈ ಮನ್ಯಾಗ ಹಂಗ ನಗಾಕಿ ಒಬ್ಬಾಕಿನ ಅದಾಳ."

ಕಾಕಿ ಬಾಯಿಂದ ಸೆರಗು ತೆಗೆದು ತಲೆಯ ಮೇಲೆ ಎಳೆದುಕೊಂಡು ಹೊಸ್ತಿಲಿಗೆ ಹೋದಳು. "ತಪ್ಪಾತ್ರಿ ಮಾವಾರ" ಎಂದಳು. ಅಷ್ಟು ಬೇಗ, ಅಷ್ಟು ಹಗುರವಾಗಿ ಹೇಳಿದಳೆಂದರೆ ನಕ್ಕವಳು ಅವಳೇ ಎಂದು ಒಂದು ಗಳಿಗೆ ನಾನೂ ನಂಬಿದೆ. ಮುತ್ಯಾ ಕಾಕಾನ ಕಡೆ ತಿರುಗಿ, ನಾಳೆ ಮುಂಜಾನೆ ಇವಳನ್ನು ತಾಂಬಾಕ್ಕೆ ಬಿಟ್ಟು ಬಾ, ಕರೆಯುವತನಕ ಅಲ್ಲೇ ಇರಲಿ, ಎಂದ. ಕರೆಯುವತನಕ ಎಂಬ ಮಾತಿನ ಅರ್ಥ ನಮ್ಮ ಓಣಿಯ ಮಕ್ಕಳಿಗೂ ಗೊತ್ತಿತ್ತು. ಕರೆಯುವತನಕ ಎಂದು ಅತ್ತೆಯ ಮನೆಯಿಂದ ಬಂದ ಹೆಂಗಸೊಬ್ಬಳು ನಾಲ್ಕು ಮನೆಯಾಚೆ ತವರಿನಲ್ಲಿದ್ದಳು. ಯಾರೂ ಕರೆದಿರಲಿಲ್ಲ, ಅವಳ ತಲೆ ಬೆಳ್ಳಗಾಗಿತ್ತು.

ಸಂಜೆಯ ಊಟಕ್ಕೆ ಝುಣಕ ಮತ್ತು ರೊಟ್ಟಿ. ಯಾರೂ ತಿನ್ನಲಿಲ್ಲ, ನನ್ನ ಬಿಟ್ಟು. ನಾನು ಹೆದರಿದಾಗ ಹೆಚ್ಚು ತಿನ್ನುತ್ತೇನೆ, ಈಗಲೂ. ಕಾಕಿ ಟ್ರಂಕಿಗೆ ಸೀರೆ ತುಂಬುತ್ತಿದ್ದಳು. ಆಯಿ ಅವಳು ತುಂಬಿದ್ದನ್ನು ಒಂದೊಂದೇ ತೆಗೆದು ಹೊರಗಿಡುತ್ತಿದ್ದಳು.

"ನೀ ಯಾಕ ಒಪ್ಪಗೊಂಡಿ?"

"ಮತ್ತೇನ ಮಾಡ್ಲಿರಿ? ನೀವು ನಕ್ರಿ ಅಂದ್ರ ಅವರು ನಂಬತಿದ್ರೇನು?"

ಆಯಿ ಕೈಯಲ್ಲಿದ್ದ ಸೀರೆಯನ್ನು ಮಡಿಲಲ್ಲಿಟ್ಟುಕೊಂಡಳು. "ನನಗ ನಗಾಕ ಬರತೈತಿ ಅಂತನ ಅವರಿಗೆ ಗೊತ್ತಿಲ್ಲ" ಎಂದಳು. ಅವಳ ದನಿಯಲ್ಲಿ ಅಳುವಿರಲಿಲ್ಲ. ಕಳೆದದ್ದೇನೋ ಕೈಗೆ ಸಿಕ್ಕಿ, ಅದು ತನ್ನದು ಹೌದೋ ಅಲ್ಲವೋ ಎಂದು ನೋಡುವವರ ದನಿ. ನಾನು ರೊಟ್ಟಿ ಬಾಯಲ್ಲಿಟ್ಟುಕೊಂಡು, ನಾನು ಹೇಳುತ್ತೇನೆ, ಆಟ ಕಟ್ಟಿದ್ದು ನಾನು ಎಂದು ಹೇಳುತ್ತೇನೆ, ಎಂದೆ. ಕಾಕಿ ನನ್ನ ಗಲ್ಲ ಹಿಡಿದಳು.

"ಸಂಗ್ಯಾ, ಬಾಯಿ ಮುಚಗೊಂಡಿರು. ನೀ ಹೇಳಿದ್ರ ನಿನ್ನ ಚರ್ಮಾ ಸುಲಿತಾರ. ನಾ ಹೋದ್ರ ತವರಿಗೆ ಹೋಗ್ತೇನಿ, ಮಾವಿನಹಣ್ಣ ತಿಂತೇನಿ. ಯಾವದ ಚಲೋ, ನೀನ ಹೇಳು."

ನಾನು ಬಾಯಿ ಮುಚ್ಚಿಕೊಂಡೆ. ಇದನ್ನು ಬರೆಯುವುದು ಕಷ್ಟ, ಆದರೆ ಅಕ್ಕ ಒಪ್ಪುವ ಭಾಗ ಇದೊಂದೇ. ಮುತ್ಯಾನ ಕೈಯ ಏಟಿಗೆ ಹೆದರಿ, ಕಾಕಿ ಹೋದರೆ ಹೋಗಲಿ ಎಂದು ನಾನು ಒಳಗೊಳಗೆ ತೀರ್ಮಾನಿಸಿಯಾಗಿತ್ತು.

ಬೆಳಗಾಯಿತು. ಗಾಡಿ, ಅಥವಾ ಅಕ್ಕನ ಬಸ್ಸು, ಕಾಯುತ್ತಿತ್ತು. ಟ್ರಂಕು ಪಡಸಾಲೆಯ ಮೆಟ್ಟಿಲ ಮೇಲಿತ್ತು. ಕಾಕಾ ಅದರ ಪಕ್ಕದಲ್ಲಿ, ತಾನೂ ಒಂದು ಟ್ರಂಕು ಎಂಬಂತೆ ಕೂತಿದ್ದ. ಕಾಕಿ ದೇವರಿಗೆ ಕೈಮುಗಿದು ಹೊರಬರುವುದಷ್ಟೇ ಬಾಕಿ. ಆಗ ಆಯಿ ಹೊಸ್ತಿಲು ದಾಟಿದಳು. ಮುತ್ಯಾ ಕೂತಿದ್ದಾಗ ಅವಳು ಪಡಸಾಲೆಗೆ ಕಾಲಿಡುತ್ತಿರಲಿಲ್ಲ. ಏನಿದ್ದರೂ ಬಾಗಿಲ ಮರೆಯಲ್ಲಿ ನಿಂತು, ಬಳೆ ಸದ್ದು ಮಾಡಿ, ಗೋಡೆಗೆ ಹೇಳಿದಂತೆ ಹೇಳುವುದು ರೂಢಿ. ಇವತ್ತು ಅವಳು ನಡೆದು ಬಂದು ಅವನ ಎದುರಿಗೇ ನಿಂತಳು.

"ನಿನ್ನೆ ನಕ್ಕಾಕಿ ನಾ."

ಮುತ್ಯಾ ಗೋಡೆಯಿಂದ ತಲೆ ತೆಗೆದ. "ಸೊಸೀನ ಉಳಸಾಕ ಸುಳ್ಳ ಹೇಳಬ್ಯಾಡ. ನಿನ್ನ ನಗಿ ನನಗ ಗೊತ್ತಿಲ್ಲೇನ?"

"ಹೆಂಗೈತಿ, ಹೇಳ್ರಿ ಹಂಗಾರ."

ಅವನು ಹೇಳಲು ಬಾಯಿ ತೆರೆದ. ತೆರೆದ ಬಾಯಿ ಹಾಗೇ ಉಳಿಯಿತು. ಸುತ್ತ ಹಳ್ಳಿಗಳ ಬದುಗಳೆಲ್ಲ ಬಾಯಿಪಾಠವಾಗಿದ್ದ ಮನುಷ್ಯನಿಗೆ, ತನ್ನ ಜೊತೆ ಒಂದೇ ಮನೆಯಲ್ಲಿ ಮುದುಕಿಯಾದ ಹೆಂಗಸಿನ ನಗು ಹೇಗಿದೆ ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ನನಗೆ ಈಗ ಅನಿಸುವುದು, ಆ ಮನೆಯಲ್ಲಿ ಅಂಥ ತಪ್ಪು ಆಗಲೇಬೇಕಿತ್ತು. ಸೆರಗಿನ ಕಾಯಿದೆ ಅಷ್ಟು ಚೆನ್ನಾಗಿ ನಡೆದಿತ್ತು; ನಗುವ ಹೆಂಗಸು ಒಬ್ಬಳೇ ಎಂದು ನ್ಯಾಯಾಧೀಶನೇ ನಂಬುವಷ್ಟು ಚೆನ್ನಾಗಿ. ಎರಡೂ ಕಡೆ ಕೇಳದೆ ತೀರ್ಪು ಕೊಟ್ಟದ್ದು ಅವನಿಗೂ ಆಗ ಹೊಳೆದಿರಬೇಕು, ಯಾಕೆಂದರೆ ಅವನು ಪಂಚರ ದನಿಗೆ ಬಂದ.

"ಹಂಗಾರ ನಗು. ಕೇಳೂನು."

ಆಯಿ ನಗಲು ನೋಡಿದಳು. ಆಡು ಕೆಮ್ಮಿದಂಥ ಸದ್ದು ಬಂತು. ಇನ್ನೊಮ್ಮೆ ನೋಡಿದಳು, ಅದೂ ಬರಲಿಲ್ಲ. ಅಳಲು ಹೇಳಿದರೆ ಅತ್ತು ತೋರಿಸಬಹುದು. ಹೇಳಿದಾಗ ನಗುವುದೆಂದರೆ ಎಷ್ಟು ದೊಡ್ಡವರಿಗೂ ಆಗದ ಕೆಲಸ, ಅದರಲ್ಲೂ ಅದರ ಮೇಲೆ ಒಬ್ಬ ಹುಡುಗಿಯ ಬಾಳು ನಿಂತಿರುವಾಗ. ಮುತ್ಯಾ ತಲೆಯಾಡಿಸಿ ಟ್ರಂಕಿನ ಕಡೆ ನೋಡಿದ. ಕಾಕಾ ಅದರ ಹಿಡಿಕೆಗೆ ಕೈ ಹಾಕಿದ. ಆಯಿ ಸುತ್ತಲೂ ಹುಡುಕಿ ನನ್ನನ್ನು ಕಂಡಳು.

"ಸಂಗ್ಯಾ, ಬಾ ಇಲ್ಲಿ. ಅದನ್ನ ಮಾಡು."

"ಯಾವದ?"

"ಗೊತ್ತಿಲ್ಲೇನ ಯಾವದ?"

ನಾನು ಮುಂದೆ ಬಂದೆ. ಬುಟ್ಟಿ ಇರಲಿಲ್ಲ, ಟ್ರಂಕಿನ ಮೇಲೆ ಕೂತೆ. ಕೂರುವಾಗ ಕಾಕಾನ ಮುಖ ಹತ್ತಿರದಿಂದ ಕಂಡಿತು, ಅಂಥ ಮುಖ ಇನ್ನೊಮ್ಮೆ ನೋಡುವುದು ಬೇಡ. ಟವೆಲಿರಲಿಲ್ಲ, ಗೂಟದ ಮೇಲಿದ್ದ ಮುತ್ಯಾನ ಪಟಗಾವನ್ನೇ ಕೈಗೆ ತೆಗೆದುಕೊಂಡೆ ಎಂದು ನನ್ನ ನೆನಪು, ಗೂಟ ನನಗೆ ಎಟುಕುತ್ತಲೇ ಇರಲಿಲ್ಲ ಎಂದು ಅಕ್ಕ. ಇಲ್ಲದ ಡಬ್ಬಿ ತೆಗೆದೆ. ಇಲ್ಲದ ನಶ್ಯ ಏರಿಸಿದೆ. ನನ್ನ ಎದುರಿಗೆ, ಮೂರು ಮೊಳದಾಚೆ, ನಿಜವಾದ ಮುತ್ಯಾ ಕೂತು ನನ್ನನ್ನೇ ನೋಡುತ್ತಿದ್ದ. ಒಂದು ಸೀನು. ಎರಡು ಸೀನು. ತೊಲೆಯ ಕಡೆಗೆ ಮುಖವೆತ್ತಿ, ಬಾಯಿ ತೆರೆದು, ಕಾದೆ. ಪಡಸಾಲೆಯಲ್ಲಿ ಎಲ್ಲರೂ ಕಾದರು. ನಾನು ಓರೆಗಣ್ಣಿನಲ್ಲಿ ನೋಡಿದೆ: ಮುತ್ಯಾನ ಬಾಯಿಯೂ ಅರ್ಧ ತೆರೆದಿತ್ತು. ನನ್ನ ಮೂರನೆಯ ಸೀನಿಗೆ ಅವನೂ ಕಾಯುತ್ತಿದ್ದ.

ತಾಮ್ರದ ಬಿಂದಿಗೆ ಮೆಟ್ಟಿಲ ಮೇಲಿಂದ ಉರುಳಿತು. ಈ ಸಲ ನಾನು ನೋಡಿದೆ. ಆಯಿಯ ತಲೆ ಹಿಂದಕ್ಕೆ ಹೋಗಿತ್ತು, ಸೆರಗು ಹೆಗಲ ಮೇಲಿತ್ತು, ಬಾಯಿ ಪೂರ್ತಿ ತೆರೆದಿತ್ತು. ಹಿಂದಿನ ಒಂದು ಹಲ್ಲು ಬಿದ್ದಿದೆ ಎಂದು ನನಗೆ ಗೊತ್ತಾದದ್ದೂ ಆಗಲೇ. ಹೊಸ್ತಿಲಲ್ಲಿ ಕೀಚು ಕೀಚು ಶುರುವಾಗಿ ಭೊರ್ರೆಂದು ಕಾಕಿ, ಅವಳ ಹಿಂದೆ ಅವ್ವ, ಕಾಕಾ ಟ್ರಂಕಿನ ಹಿಡಿಕೆ ಬಿಟ್ಟು ಹೊಟ್ಟೆ ಹಿಡಿದುಕೊಂಡು. ನಗು ಒಬ್ಬರಿಂದ ಒಬ್ಬರಿಗೆ ಹತ್ತುವುದನ್ನು ಮುಂದೆ ನಾನು ಎಷ್ಟೋ ಸಭೆಗಳಲ್ಲಿ ಬೇಕೆಂದೇ ಗಮನಿಸಿದ್ದೇನೆ. ಅಂದಿನ ವೇಗ ಎಲ್ಲೂ ಕಾಣಲಿಲ್ಲ. ನಗದೆ ಉಳಿದವನು ಮುತ್ಯಾ ಒಬ್ಬನೇ. ಅವನು ಆಯಿಯನ್ನು ನೋಡುತ್ತಿದ್ದ, ಮನೆಗೆ ಹೊಸಬರು ಬಂದಾಗ ನೋಡುವ ಹಾಗೆ.

"ಇಷ್ಟ ವರ್ಷ ಎಲ್ಲಿ ಇಟ್ಟಿದ್ದಿ ಇದನ್ನ?"

ಆಯಿ ಕಣ್ಣೊರೆಸಿಕೊಂಡು ಸೆರಗು ತಲೆಗೆ ತಂದುಕೊಂಡಳು. "ಎಲ್ಲಿ ಇಡ್ಲಿರಿ. ನೀವು ಇಲ್ದಾಗ ನಗತಿದ್ನಿ."

ಮುತ್ಯಾ ಕಾಕಾನಿಗೆ, ಗಾಡಿ ಬಿಚ್ಚು, ಎಂದ. ಆಮೇಲೆ ನನ್ನ ಕಡೆ ತಿರುಗಿದ. ನಾನು ಬೆನ್ನು ಗಟ್ಟಿಮಾಡಿಕೊಂಡೆ.

"ಎರಡನೇ ಸೀನು ಸಣ್ಣದಾತು. ನಂದು ಹಂಗ ಇರೂದಿಲ್ಲ."

ಇದು ನನ್ನ ಕೌದಿ. ಅಕ್ಕನ ಕೌದಿಯಲ್ಲಿ ನಾನು ಆಟ ಕಟ್ಟಲೇ ಇಲ್ಲ, ಟ್ರಂಕಿನ ಮೇಲೆ ಕೂತು ಗೊಳೋ ಎಂದು ಅತ್ತೆ, ಅಳುವಾಗ ಎರಡು ಸಲ ಸೀನಿದೆ, ಆಯಿ ನಕ್ಕದ್ದು ಅದಕ್ಕೆ. ನನಗೆ ಇದನ್ನು ತಳ್ಳಿಹಾಕಲು ಆಧಾರವಿಲ್ಲ. ಮುತ್ಯಾ ಆಮೇಲೆ ತಾನೇ ಯಂಕಂಚಿಗೆ ಹೋಗಿ, ನನ್ನ ಮನೆಯವರು ನಕ್ಕದ್ದು ನಿನಗಲ್ಲ, ನನಗೆ, ಎಂದು ಹೇಳಿದನಂತೆ. ಅದನ್ನು ಕೇಳಿ ಆ ಅಣ್ಣತಮ್ಮಂದಿರು ಮೊದಲು ಮುಖ ಮುಖ ನೋಡಿಕೊಂಡು, ಆಮೇಲೆ ಒಟ್ಟಿಗೆ ನಕ್ಕು, ಬಾವಿಯ ಜಗಳ ಅಲ್ಲಿಗೆ ಮುಗಿಯಿತಂತೆ. ನಗು ಇಬ್ಬರನ್ನು ಒಂದು ಕಡೆಗೆ ತಂದು ಕೂರಿಸುತ್ತದೆ ಎಂಬ ನನ್ನ ನಂಬಿಕೆಗೆ ಇದು ಎಷ್ಟು ಚೆನ್ನಾಗಿ ಹೊಂದುತ್ತದೆ ಎಂದರೆ, ಅದೇ ಕಾರಣಕ್ಕೆ ನಾನು ಇದನ್ನು ನಂಬುವುದಿಲ್ಲ. ಆ ನಗುವಿನ ವಿಷಯ ಕಾಕಿಯನ್ನೇ ಕೇಳಿದೆ. ಅವಳು ಈಗಲೂ ಅದೇ ಮನೆಯಲ್ಲಿ ಮಗ ಸೊಸೆಯ ಜೊತೆ ಗದ್ದಲ ಮಾಡಿಕೊಂಡಿದ್ದಾಳೆ, ಸೆರಗಿನ ಗೊಡವೆಯೇ ಇಲ್ಲದೆ ನಗುತ್ತಾಳೆ.

"ಮೊದಲನೇ ದಿನಾ ನಕ್ಕಾಕಿ ಖರೇನೂ ಆಯೀನ ಏನು, ಕಾಕಿ?"

"ನಾನೂ ನಕ್ಕಿದ್ನೋ ಏನೋ. ನಗೂವಾಗ ಯಾರ ಬಾಯಿ ಯಾರದಂತ ಯಾರ ನೋಡತಾರ? ನೀ ಇಷ್ಟ ಕಲ್ತು ಇದನ್ನೇನ ಹುಡಕಾಕತ್ತಿ?"

ಹೋದ ವರ್ಷ ಅದೇ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಕೂತಿದ್ದಾಗ ಕಾಕಿಯ ಸೊಸೆ ಗೋಡೆ ತೋರಿಸಿ ಗೊಣಗಿದಳು: "ಎಷ್ಟ ಸುಣ್ಣಾ ಹಚ್ಚಿದ್ರೂ ಮುತ್ಯಾ ಹೋಗವಲ್ರ ನೋಡ್ರಿ ಭಾವಾರ." ತಲೆಬಾಗಿಲು ಕಾಣುವ ಪಕ್ಕದ ಗೋಡೆಯಲ್ಲಿ, ಮುತ್ಯಾ ಒರಗಿ ಕೂರುತ್ತಿದ್ದ ಜಾಗದಲ್ಲಿ, ಸುಣ್ಣದ ಕೆಳಗಿನಿಂದ ಔಡಲೆಣ್ಣೆಯ ಕಲೆ ಹಳದಿಯಾಗಿ ಮೇಲೆ ಬಂದಿತ್ತು. ಅದು ನಾನು ನಿರೀಕ್ಷಿಸಿದ್ದೇ. ಆದರೆ ಅವಳು ತೋರಿಸುತ್ತಿದ್ದದ್ದು ಅದನ್ನಲ್ಲ. ಒಳಮನೆಯ ಕಡೆಯ ಗೋಡೆಯಲ್ಲಿ ಇನ್ನೊಂದು ಕಲೆ ಇತ್ತು, ಇದಕ್ಕಿಂತ ಕಪ್ಪು. ನಾನು ಬಟ್ಟಲು ಕೆಳಗಿಟ್ಟು ಎದ್ದೆ. ಮೊದಲನೆಯ ಕಲೆಗೆ ಒರಗಿ ಕೂತು ನೋಡಿದೆ, ನನ್ನ ತಲೆ ನಾಲ್ಕು ಬೆರಳು ಕೆಳಗೇ ಉಳಿಯಿತು. ಎರಡನೆಯದಕ್ಕೂ ಅಷ್ಟೇ. ಕಾಕಿಯ ಮಗ ನನಗಿಂತ ಗಿಡ್ಡ, ಕಾಕಾ ಅವನಿಗಿಂತ ಗಿಡ್ಡ ಇದ್ದ. ಸೊಸೆಯ ಹೊಲಿಗೆ ಯಂತ್ರದ ಟೇಪು ಇಸಿದುಕೊಂಡು ನೆಲದಿಂದ ಎರಡೂ ಕಲೆಗಳ ಎತ್ತರ ಅಳೆದೆ: ಒಂದೇ. ಆಮೇಲೆ ಉಗುರಿನಿಂದ ಸುಣ್ಣ ಕೆರೆದೆ. ತಲೆಬಾಗಿಲ ಕಡೆಯ ಕಲೆಯ ಮೇಲೆ ಸುಣ್ಣದ ಪದರು ಹೆಚ್ಚು, ಒಳಗಿನದರ ಮೇಲೆ ಕಡಿಮೆ; ಅಂದರೆ ಅವನು ಮೊದಲು ಅಲ್ಲಿ ಕೂತಿದ್ದ, ಆಮೇಲೆ ಇಲ್ಲಿಗೆ ಬಂದ, ಕೊನೆಯತನಕ ಇಲ್ಲೇ ಇದ್ದ. ಇಲ್ಲಿ ಕೂತರೆ ತಲೆಬಾಗಿಲು ಕಾಣುವುದಿಲ್ಲ, ಒಳಮನೆಯ ಸದ್ದು ಮಾತ್ರ ಕೇಳುತ್ತದೆ. ಒಳಮನೆಯ ಬಾಗಿಲಿನ ಚೌಕಟ್ಟಿಗೂ ಈ ಕಲೆಗೂ ನಡುವೆ ನನ್ನ ಕೈಯಲ್ಲಿ ಒಂದು ಗೇಣು.